ಒಮ್ಮೊಮ್ಮೆ ನಿಲ್ಲುವ ಲಾರಿ

ಲಾರಿಗಳ ವೈರಿಂಗ್ ಕೆಲಸದಲ್ಲಿ ಕೈಗೆ ಶಾಕ್ ಹೊಡೆಯುವುದು ಅಪರೂಪ, ತಲೆಗೆ ಹೊಡೆಯುವುದೇ ಜಾಸ್ತಿ. ಹೈದರಾಬಾದಿನ ನಾಚಾರಂನಲ್ಲಿ ಟೆಸ್ಟರ್ ಹಿಡಿದು ಕೂತಂದಿನಿಂದ ನನಗೆ ಇಂಥ ಶಾಕುಗಳು ಒಂದರ ಹಿಂದೊಂದು ಬರುತ್ತಲೇ ಇವೆ. ಒಂದೇ ಲಾರಿಯಿಂದ ನಾಲ್ಕು ಸಲ ಹೊಡೆಸಿಕೊಂಡದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಆಗ ಹೈದರಾಬಾದಿಗೆ ಕಂಪ್ಯೂಟರ್ ಕಂಪನಿಗಳ ಸುಗ್ಗಿ. ಮಾದಾಪುರದ ಕಡೆ ಬೆಳಿಗ್ಗೆ ಬಂಡೆ ನೋಡಿ ಬಂದರೆ ಸಂಜೆಗೆ ಅಲ್ಲಿ ಗಾಜಿನ ಕಟ್ಟಡ ಅನ್ನುವ ಹಾಗಿತ್ತು. ಕಟ್ಟಡ ಎದ್ದರೆ ಒಳಗೆ ಮೇಜು ಬೇಕಲ್ಲ? ಆ ಮೇಜುಗಳನ್ನು ನಾಚಾರಂನ ಒಬ್ಬ ಸಾವುಕಾರರು ಮಾಡಿಸಿ, ಸ್ವಂತ ಲಾರಿಯಲ್ಲಿ ಕಳಿಸುತ್ತಿದ್ದರು. ಸಾವುಕಾರರು ಬೀದರ ಕಡೆಯವರು, ಅವರ ಡ್ರೈವರ್ ಚಿಂಚೋಳಿಯವನು, ನಾನು ಗುರುಮಠಕಲ್ ಕಡೆಯವನು. ಹೀಗಾಗಿ ಊರಿನವರ ಜೊತೆ ತೆಲುಗು, ಪೊಲೀಸರ ಜೊತೆ ಹಿಂದಿ, ನಮ್ಮನಮ್ಮಲ್ಲಿ ಜಗಳ ಮಾತ್ರ ಅಚ್ಚ ಕನ್ನಡದಲ್ಲಿ.

೧. ನನ್ನ ಫೋಟೋ

ಒಂದು ದಿನ ಡ್ರೈವರ್ ಲಾರಿ ತಂದು ನನ್ನ ಶೆಡ್ಡಿನ ಮುಂದೆ ನಿಲ್ಲಿಸಿದ. "ಉಸ್ತಾದ್, ಓಡ್ಕೋತ ಓಡ್ಕೋತ ಎಂಜಿನ್ ಗಪ್ಪಂತ ಬಂದಾಗತೈತಿ. ಆಮ್ಯಾಲೆ ತಾನ ಚಾಲೂ ಆಗತೈತಿ. ಸಾವ್ಕಾರ್ರು ನಾ ಬೇಕಂತ ನಿಂದ್ರಸ್ತೀನಿ ಅಂತ ಬೈಯಾಕತ್ತಾರ. ದೀಪಾವಳಿಯೊಳಗ ಸರಿ ಆಗ್ಲಿಲ್ಲಂದ್ರ ನನ್ನ ನೌಕರಿ ಹೋತು."

ಆ ಎಂಜಿನ್ನಿನ ಡೀಸೆಲ್ ಪಂಪಿನ ಮೇಲೆ ಕರೆಂಟಿನ ಒಂದು ವಾಲ್ವ್ ಇರುತ್ತದೆ. ಕರೆಂಟ್ ಇರುವತನಕ ಅದು ಡೀಸೆಲ್ ಬಿಡುತ್ತದೆ, ಕರೆಂಟ್ ತಪ್ಪಿದರೆ ಬಾಗಿಲು ಹಾಕುತ್ತದೆ. ಎಲ್ಲೋ ಒಂದು ಕಡೆ ಕರೆಂಟ್ ಒಮ್ಮೊಮ್ಮೆ ತಪ್ಪುತ್ತಿತ್ತು. ಪೂರಾ ಕೆಟ್ಟ ಗಾಡಿಯನ್ನು ರಿಪೇರಿ ಮಾಡಬಹುದು. ಒಮ್ಮೊಮ್ಮೆ ಮಾತ್ರ ಕೆಡುವ ಗಾಡಿ ಹೊಸ ಅಳಿಯನಿದ್ದಂತೆ, ನಾಲ್ಕು ಜನರ ಮುಂದೆ ಅಂಥ ಸಭ್ಯ ಇನ್ನೊಬ್ಬನಿಲ್ಲ. ಬ್ಯಾಟರಿ, ಫ್ಯೂಸು, ಚಾವಿ ಎಲ್ಲ ನೋಡಿದೆ. ಡ್ರೈವರನ ಪಕ್ಕ ಕೂತು ಮೂರು ದಿನ ಓಡಾಡಿದೆ. ಲಾರಿ ಒಂದು ಸಲವೂ ಕೆಮ್ಮಲಿಲ್ಲ.

"ಇದಕ್ಕ ನಿಮ್ಮ ಅಂಜಿಕಿ ಐತಿ ಉಸ್ತಾದ್," ಅಂದ ಡ್ರೈವರ್. "ನೀವು ದಿನಾ ಬರಾಕಾಗಂಗಿಲ್ಲ. ನಿಮ್ಮದೊಂದು ಫೋಟೋ ಕೊಡ್ರಿ."

ತಮಾಷೆಗೆ ಕೊಟ್ಟೆ. ಅವನು ಅದನ್ನು ಸ್ಟೇರಿಂಗಿನ ಮುಂದೆ ದೇವರ ಪಟಗಳ ಸಾಲಿನಲ್ಲಿ ಇಟ್ಟ. ಬೇರೆ ದೇವರಿಗೆಲ್ಲ ಹೂವಿನ ಮಾಲೆ ಇದ್ದು ಇವರೊಬ್ಬರಿಗೆ ಇಲ್ಲದಿದ್ದರೆ ಹೇಗೆ ಅಂತ ನನಗೂ ಒಂದು ಮಾಲೆ ಹಾಕಿ, ಊದಿನಕಡ್ಡಿ ಹಚ್ಚಿದ. ಅದನ್ನು ನಮ್ಮ ಓಣಿಯ ಒಬ್ಬ ಅಕ್ಕ ಸಿಗ್ನಲ್ಲಿನಲ್ಲಿ ಆಟೋದೊಳಗಿಂದ ನೋಡಿಬಿಟ್ಟರು.

ಮಧ್ಯಾಹ್ನ ನಾನು ಮನೆಯಲ್ಲಿ ಕೈತೊಳೆದು ಊಟಕ್ಕೆ ಕೂರುವ ಹೊತ್ತಿಗೆ ಬಾಗಿಲು ಬಡಿದ ಸದ್ದು. ತೆಗೆದರೆ ಆ ಅಕ್ಕ. ಕಣ್ಣು ಕೆಂಪು, ಕೈಯಲ್ಲಿ ದೊಡ್ಡ ಡಬ್ಬಿ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಪಾಪ, ರೊಟ್ಟಿ ಪುಂಡಿಪಲ್ಯ ಮಾಡಿಕೊಂಡು ಬಂದಿದ್ದರು. ನನ್ನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದು, "ನೀವು… ಮನಿಯಾಗ ಇದ್ದೀರೇನ್ರಿ?" ಅಂದರು.

"ಮತ್ತೆಲ್ಲಿರಲಿ ಅಕ್ಕಾ?"

ವಿಷಯ ತಿಳಿದು ಅವರು ನಾಚಿಕೊಂಡು ಡಬ್ಬಿ ಸೆರಗಿನೊಳಗೆ ಮುಚ್ಚಿ ಹೊರಟರು. ಒಳಗಿಂದ ನನ್ನ ಹೆಂಡತಿ ಓಡಿಬಂದಳು. "ಅಕ್ಕಾರ, ಅವರು ಬದುಕಿದ್ದಕ್ಕ ರೊಟ್ಟಿ ಯಾಕ ವಾಪಸ್ ಒಯ್ತೀರಿ? ಕೊಟ್ಟು ಹೋಗ್ರಿ!"

೨. ಎಡಕ್ಕೆ ಬೇಡ

ಫೋಟೋ ಇದ್ದರೂ ಲಾರಿ ಮತ್ತೆರಡು ಸಲ ನಿಂತಿತು. ಸಾವುಕಾರರು ನನ್ನನ್ನು ನಂಬುವುದು ಬಿಟ್ಟು ಒಬ್ಬ ವಾಸ್ತು ಪಂಡಿತರನ್ನು ಕರೆಸಿದರು. ಪಂಡಿತರು ದಿಕ್ಸೂಚಿ ಹಿಡಿದು ಲಾರಿಯ ಸುತ್ತ ಮೂರು ಸುತ್ತು ಬಂದು, ತೆಲುಗಿನಲ್ಲಿ ತೀರ್ಪು ಕೊಟ್ಟರು: ಬ್ಯಾಟರಿ ಅಂದರೆ ಅಗ್ನಿ. ಅಗ್ನಿ ಆಗ್ನೇಯದಲ್ಲಿರಬೇಕು. ಈ ಲಾರಿಯಲ್ಲಿ ವಾಯವ್ಯದಲ್ಲಿದೆ.

ನಾನು ಸುಮ್ಮನಿರಬೇಕಿತ್ತು. "ಸ್ವಾಮಿ, ಇದು ಲಾರಿ. ತಿರುಗಿಸಿ ನಿಲ್ಲಿಸಿದರೆ ಆಗ್ನೇಯಕ್ಕೇ ಬರ್ತದೆ," ಅಂದೆ.

ಡ್ರೈವರ್ ತಿರುಗಿಸಿ ನಿಲ್ಲಿಸಿದ. ಪಂಡಿತರು ನೋಡಿ, "ಬಹಳ ಶುಭ. ಇನ್ನು ತಿರುಗಿಸಬೇಡಿ," ಅಂದರು.

"ತಿರುಗಿಸದ ಹ್ಯಾಂಗ್ ಹೋಗ್ಲಿರಿ?" ಅಂದ ಡ್ರೈವರ್. "ಎದುರಿಗೆ ಗ್ವಾಡಿ ಐತಿ."

ಪಂಡಿತರು ಕಣ್ಣು ಮುಚ್ಚಿ ಯೋಚಿಸಿ ಒಂದು ರಿಯಾಯಿತಿ ಕೊಟ್ಟರು. ಬಲಕ್ಕೆ ತಿರುಗುವುದು ಪ್ರದಕ್ಷಿಣೆ, ಅದಕ್ಕೆ ದೋಷವಿಲ್ಲ. ಎಡಕ್ಕೆ ಮಾತ್ರ ಕೂಡದು. ಸಾವುಕಾರರು ಡ್ರೈವರನ ಕಡೆ ಬೆರಳು ತೋರಿಸಿ, "ಕೇಳಿಸ್ತಿಲ್ಲೋ? ಎಡಕ್ಕ ತಿರುಗಿದಿ ಅಂದ್ರ ನೋಡು," ಅಂದರು.

ಮರುದಿನ ಬೆಳಿಗ್ಗೆ ಹಿಮಾಯತ್‌ನಗರದ ಒಂದು ಆಫೀಸಿಗೆ ಹತ್ತು ಮೇಜು ಹೇರಿಕೊಂಡು ಡ್ರೈವರ್ ಒಬ್ಬನೇ ಹೊರಟ. ಹೆಚ್ಚೆಂದರೆ ಒಂದು ತಾಸಿನ ದಾರಿ. ಮಧ್ಯಾಹ್ನವಾದರೂ ಲಾರಿ ಮುಟ್ಟಲಿಲ್ಲ. ಆಫೀಸಿನವರು ಸಾವುಕಾರರಿಗೆ ಫೋನ್ ಮೇಲೆ ಫೋನ್. ಸಾವುಕಾರರು ನನ್ನನ್ನು ಕರೆಸಿ ಎದುರಿಗೆ ಕೂರಿಸಿಕೊಂಡರು, ಸಿಟ್ಟು ಮಾಡಲು ಯಾರಾದರೂ ಬೇಕಲ್ಲ. ಮೂರು ಗಂಟೆಗೆ ಕೋಠಿಯ ಒಂದು ಬೂತಿನಿಂದ ಡ್ರೈವರನ ಫೋನ್ ಬಂತು.

"ಎಲ್ಲಿ ಸತ್ತೀಯೋ? ಲಾರಿ ನಿಂತಿತೇನು?" ಎಂದು ಸಾವುಕಾರರು ಕೂಗಿದರು.

"ಇಲ್ರೀ ಸಾವ್ಕಾರ್ರ, ಒಂದ್ಸಲಾನೂ ನಿಂತಿಲ್ಲ. ಮುಂಜಾನಿಂದ ಓಡಾಕತ್ತೈತಿ."

"ಮತ್ತ ಹಿಮಾಯತ್‌ನಗರ ಸಿಗಲಿಲ್ಲೇನು?"

"ಯಾಕ್ ಸಿಗಲಿಲ್ರಿ, ನಾಕು ಸಲ ಸಿಕ್ತು. ನಾಕೂ ಸಲ ಎಡಕ್ಕಿತ್ತು."

೩. ಖಟ್ಮಲ್

ಮುಂದಿನ ವಾರ ಸಾವುಕಾರರು ಎಡದ ನಿಯಮ ಕೈಬಿಟ್ಟು, ತಾವೇ ಲಾರಿಯಲ್ಲಿ ಕೂತು ಮಾದಾಪುರಕ್ಕೆ ಹೋದರು. ಅಲ್ಲಿಯ ಗಾಜಿನ ಕಟ್ಟಡಗಳಲ್ಲಿ ಅವರ ಸಹಿ ಇಲ್ಲದೆ ಒಳಗೆ ಬಿಡುತ್ತಿರಲಿಲ್ಲ. ಲಾರಿ ಸರಿಯಾಗಿ ಗೇಟಿನ ನಡುವೆ ಹೋಗಿ ನಿಂತಿತು. ಸಾವುಕಾರರು ಕೂತಲ್ಲಿಂದಲೇ ಬೈಯತೊಡಗಿದರು. ಹಿಂದೆ ಕಂಪನಿಯ ಬಸ್ಸುಗಳು, ಮುಂದೆ ಕಾರುಗಳು. ಕೆಲಸಕ್ಕೆ ಬಂದ ನಾಲ್ಕುನೂರು ಜನ ಹೊರಗೆ. ಫೋನ್ ಬಂತೆಂದು ನಾನೂ ಓಡಿದೆ.

ಬಸ್ಸಿನಿಂದ ಇಳಿದ ಒಬ್ಬ ಕಂಪ್ಯೂಟರ್ ಎಂಜಿನಿಯರ್ ನಮ್ಮ ಮಾತು ಕೇಳಿ ಹತ್ತಿರ ಬಂದ. ಮೈಸೂರಿನ ಹುಡುಗ. "ಒಂದ್ಸಲ ಬರುತ್ತೆ, ಒಂದ್ಸಲ ಬರಲ್ಲ ಅಲ್ವಾ? ಇಂಥದ್ದನ್ನ ನಾವು ದಿನಾ ನೋಡ್ತೀವಿ ಸಾರ್. ಕ್ರಮವಾಗಿ ಹೋಗ್ಬೇಕು," ಅಂತ ಚೀಲದಿಂದ ಅಚ್ಚು ಹಾಕಿದ ಒಂದು ಹಾಳೆ ತೆಗೆದು, ಡ್ರೈವರನ ಎದುರು ನಿಂತು ಭರ್ತಿ ಮಾಡತೊಡಗಿದ.

"ತೊಂದರೆ ಬಂದಾಗ ಏನು ಮಾಡ್ತಿದ್ರಿ?"

"ಕುಂತಿದ್ದೆ."

"ಏನಾಗಬೇಕಿತ್ತು?"

"ಮುಂದ ಹೋಗಬೇಕಿತ್ತು."

"ಅದರ ಬದಲು ಏನಾಯ್ತು?"

"ಬೈಸ್ಕೊಂಡೆ."

"ಮತ್ತೆ ಹಾಗೇ ಆಗೋ ಥರ ಮಾಡಿ ತೋರಿಸ್ತೀರಾ?"

"ಏ, ನಾ ಯಾಕ ಮಾಡ್ಲಿರಿ!" ಅಂತ ಡ್ರೈವರ್ ಸಾವುಕಾರರ ಕಡೆ ಗಾಬರಿಯಿಂದ ನೋಡಿದ.

ಹುಡುಗ ಎಲ್ಲವನ್ನೂ ಬರೆದುಕೊಂಡು, "ಅನುಮಾನವೇ ಇಲ್ಲ ಸಾರ್, ಒಳಗೆ ಬಗ್ ಇದೆ," ಅಂತ ಹೇಳಿ ಆಫೀಸಿಗೆ ಹೋಗಿಬಿಟ್ಟ.

"ಬಗ್ ಅಂದ್ರ?" ಸಾವುಕಾರರು ಕೇಳಿದರು.

"ಖಟ್ಮಲ್ ರೀ. ತಿಗಣಿ," ಅಂದ ಡ್ರೈವರ್. ಔಷಧಿ ಡಬ್ಬಿಯ ಮೇಲೆ ಓದಿದ್ದನಂತೆ.

ಹಾಗಲ್ಲ, ಕಂಪ್ಯೂಟರಿನವರು ಒಳಗಿನ ದೋಷಕ್ಕೆ ಹಾಗನ್ನುತ್ತಾರೆ ಎಂದು ನಾನು ಬಿಡಿಸಿ ಹೇಳಿದೆ. ಕೇಳುವವರು ಯಾರು? ಇಷ್ಟು ಓದಿದವನು ಬರೆದು ನೋಡಿ ಹೇಳಿದ್ದಾನೆ. ಸಂಜೆಯೊಳಗೆ ಹುಳದ ಔಷಧಿ ಹೊಡೆಯುವವರು ಬಂದು ಲಾರಿಯ ಕ್ಯಾಬಿನ್ನಿಗೆ ಹೊಗೆ ಹಾಕಿದರು. ಒಳಗಿಂದ ಹದಿನಾಲ್ಕು ತಿಗಣೆ, ಎರಡು ಜಿರಲೆ, ಒಂದು ಹಲ್ಲಿ ಹೊರಬಿದ್ದವು. ವಾಸನೆಗೆ ಕ್ಯಾಬಿನ್ನಿನಲ್ಲಿ ಕೂರಲಾಗದೆ ಸಾವುಕಾರರು ನಾಲ್ಕು ದಿನ ಸ್ಕೂಟರಿನಲ್ಲಿ ಹಿಂದೆ ಹಿಂದೆ ಹೋದರು. ಡ್ರೈವರ್ ಮೂಗಿಗೆ ಟವೆಲ್ ಕಟ್ಟಿಕೊಂಡು ಓಡಿಸಿದ. ನಾಲ್ಕೂ ದಿನ ಲಾರಿ ಬಾಣದ ಹಾಗೆ ಓಡಿತು.

ಐದನೆಯ ದಿನ ಸಾವುಕಾರರು ನನ್ನ ಶೆಡ್ಡಿಗೆ ಬಂದು, ಸಮಾಧಾನದಿಂದಲೇ ಬುದ್ಧಿ ಹೇಳಿದರು. "ಉಸ್ತಾದ್, ಕಾಲ ಬದಲಾಗೈತಿ. ಇನ್ನ ಮ್ಯಾಲೆ ಟೆಸ್ಟರ್ ಮನಿಯಾಗಿಟ್ಟು ತಿಗಣಿ ಔಷಧಿ ಹಿಡ್ಕೊಂಡು ಬರ್ರಿ."

೪. ದೊಡ್ಡವರು

ವಾಸನೆ ಹೋಯಿತು, ಸಾವುಕಾರರು ಮತ್ತೆ ಲಾರಿ ಹತ್ತಿದರು. ನಾಚಾರಂ ದಾಟುವ ಮೊದಲೇ ಲಾರಿ ನಿಂತಿತು. ದೀಪಾವಳಿಗೆ ಮೂರು ದಿನ ಬಾಕಿ. "ಇವತ್ತ ಕೊನೀ ಸಲ," ಅಂದರು ಸಾವುಕಾರರು. ಡ್ರೈವರ್ ನನ್ನ ಕೈ ಹಿಡಿದುಕೊಂಡು, "ಉಸ್ತಾದ್, ಮೂರು ಮಕ್ಕಳ ತಂದಿ ನಾನು," ಅಂದ. ನನಗೆ ಆವತ್ತು ನಗು ಬರಲಿಲ್ಲ.

ನಾನು ಡೀಸೆಲ್ ವಾಲ್ವಿನ ವೈರಿಗೆ ಒಂದು ಸಣ್ಣ ಬಲ್ಬು ಕಟ್ಟಿ, ಅದನ್ನು ಕ್ಯಾಬಿನ್ನಿನೊಳಗೆ ತಂದು ಕೈಯಲ್ಲಿ ಹಿಡಿದು ಕೂತೆ. ವಾಲ್ವಿಗೆ ಕರೆಂಟ್ ಇದ್ದರೆ ಬಲ್ಬು ಉರಿಯಬೇಕು, ತಪ್ಪಿದರೆ ಆರಬೇಕು. ಬಲಕ್ಕೆ ಡ್ರೈವರ್, ನಡುವೆ ನಾನು, ಎಡಗಡೆ ಸೀಟಿನಲ್ಲಿ ಸಾವುಕಾರರು.

ಸಾವುಕಾರರ ಮೈಕಟ್ಟಿನ ಬಗ್ಗೆ ಇಲ್ಲಿತನಕ ನಾನು ಏನೂ ಹೇಳಿಲ್ಲ. ಆಗ ಯಾರೂ ಹೇಳುತ್ತಿರಲಿಲ್ಲ. ಅವರು ಲಾರಿ ಹತ್ತಿದರೆ ಲಾರಿಗೆ ಗೊತ್ತಾಗುತ್ತಿತ್ತು ಅಂದರೆ ಸಾಕು.

ಮೊದಲ ಸ್ಪೀಡ್ ಬ್ರೇಕರ್ ಬಂತು. ಸಾವುಕಾರರು ಮೇಲೆ ಹೋಗಿ ಕೆಳಗೆ ಬಂದರು. ಬಲ್ಬು ಆರಿತು. ಎಂಜಿನ್ ಬಂದ್.

"ನೋಡು, ಮತ್ತ ನಿಂದ್ರಸಿದ!" ಅಂತ ಸಾವುಕಾರರು ಬೈಯಲು ಎದ್ದು ನಿಂತರು. ಬಲ್ಬು ಉರಿಯಿತು. ಕೂತರು. ಆರಿತು.

ನಾನು ಬಲ್ಬನ್ನು ಕಣ್ಣೆದುರಿಗೆ ಹಿಡಿದೆ. "ಸಾವ್ಕಾರ್ರ, ಸ್ವಲ್ಪ ಏಳ್ರಿ," ಅಂದೆ. ಎದ್ದರು, ಉರಿಯಿತು. "ಕೂಡ್ರಿ." ಆರಿತು. "ಇನ್ನೊಮ್ಮೆ ಏಳ್ರಿ." ಏಳು ಸಲ ಹೀಗಾಯಿತು. ಸಾವುಕಾರರು ಬೆವರು ಒರೆಸಿಕೊಳ್ಳುತ್ತ, "ಗಾಡಿ ರಿಪೇರಿ ಮಾಡಾಕತ್ತೀರೋ, ನನಗ ಬೈಠಕ್ ಹೊಡಸಾಕತ್ತೀರೋ?" ಅಂದರು.

ಡ್ರೈವರನಿಗೂ ಅಷ್ಟರಲ್ಲಿ ತಿಳಿದಿತ್ತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಸಾವುಕಾರರ ಮುಂದೆ, ನಿಮ್ಮ ಭಾರಕ್ಕೆ ಗಾಡಿ ಕೆಡುತ್ತಿದೆ ಅಂತ ಹೇಳುವವರು ಯಾರು?

"ಏನಾಗೈತಿ, ಬೊಗಳ್ರಲೇ!" ಅಂದರು ಸಾವುಕಾರರು.

ಡ್ರೈವರ್ ಕೈ ಮುಗಿದ. "ಸಾವ್ಕಾರ್ರ, ಗಾಡಿಗೆ ರೋಗ ಏನೂ ಇಲ್ರಿ. ನೀವು ಕುಂತ್ರ ಅದು ನಿಂದರತೈತಿ. ದೊಡ್ಡವರು ಕುಂತಾಗ ಸಣ್ಣವರು ನಿಂದರಬೇಕಲ್ರಿ?"

ಸಾವುಕಾರರು ಈಗ ತಾವಾಗಿಯೇ ಒಮ್ಮೆ ಎದ್ದರು, ಬಲ್ಬು ನೋಡಿದರು. ಕೂತರು, ಬಲ್ಬು ನೋಡಿದರು. ಆಮೇಲೆ ಮೀಸೆಯ ಕೆಳಗೆ ನಿಧಾನಕ್ಕೆ ನಗು ಬಂತು. "ಏ, ಎಷ್ಟ್ ಚಲೋ ಗಾಡಿ ಐತಲೇ ಇದು," ಅಂತ ಬಾಗಿಲನ್ನು ಎರಡು ಸಲ ಸವರಿದರು.

ಅವರನ್ನು ಇಳಿಸಿ ಸೀಟು ಎತ್ತಿ ನೋಡಿದೆ. ವಾಲ್ವಿನ ವೈರು ಸೀಟಿನ ಕಂಬಿಯ ಕೆಳಗೇ ಹಾದುಹೋಗಿತ್ತು. ಮೇಲಿನ ರಬ್ಬರು ಗಟ್ಟಿ, ಒಳಗಿನ ತಾಮ್ರ ತುಂಡು. ಸಾವುಕಾರರು ಧೊಪ್ಪೆಂದು ಕೂತರೆ ಕಂಬಿ ಒತ್ತಿ ತುಂಡುಗಳು ಬೇರೆಯಾಗುತ್ತಿದ್ದವು, ಬೈಯಲು ಎದ್ದರೆ ಕೂಡಿಕೊಳ್ಳುತ್ತಿದ್ದವು. ನಾನು ಎಷ್ಟು ಕೂತರೂ ಆ ಕಂಬಿ ಅಲುಗುತ್ತಿರಲಿಲ್ಲ. ಹೊಸ ವೈರು ಹಾಕಿ, ಕ್ಯಾಬಿನ್ನಿನ ಗೋಡೆಯ ಪಕ್ಕದಿಂದ ತಿರುಗಿಸಿ ಒಯ್ದು ಬಿಗಿ ಮಾಡಿದೆ. ಡ್ರೈವರನ ನೌಕರಿ ಉಳಿಯಿತು. ಮೂರು ಮಕ್ಕಳಿಗೂ ಹಬ್ಬದ ಬಟ್ಟೆ ಬಂತು.

ಮರುದಿನ ಪರೀಕ್ಷೆಗೆ ಮೂವರೂ ಹೊರಟೆವು. ಮೊದಲ ಸ್ಪೀಡ್ ಬ್ರೇಕರ್ ದಾಟಿತು, ಲಾರಿ ನಿಲ್ಲಲಿಲ್ಲ. ಎರಡನೆಯದು ದಾಟಿತು, ನಿಲ್ಲಲಿಲ್ಲ. ಮೂರನೆಯದಕ್ಕೆ ಸಾವುಕಾರರು ತಾವೇ ಒಂದು ಸಲ ಜೋರಾಗಿ ಕುಪ್ಪಳಿಸಿ ಕೂತರು. ಎಂಜಿನ್ನಿನ ಸದ್ದು ಒಂದಿಷ್ಟೂ ಬದಲಾಗಲಿಲ್ಲ. ಡ್ರೈವರ್ ಖುಷಿಯಿಂದ ಹಾರ್ನ್ ಹೊಡೆದ. ಸಾವುಕಾರರು ಮಾತ್ರ ಮುಖ ಇಳಿಬಿಟ್ಟು ನನ್ನ ಕಡೆ ತಿರುಗಿದರು.

"ಉಸ್ತಾದ್, ಗಾಡಿ ಸರಿ ಮಾಡಿದ್ರಿ, ಖರೆ. ಆದ್ರ ಮೊದಲಿನ ಮರ್ಯಾದಿ ಉಳಿಲಿಲ್ಲ ನೋಡ್ರಿ."