ಅಟ್ಟದ ಕಾಯಿ, ವೈರಿನ ಟೋಪಿ

ವರ್ಷದಿಂದ ಅಟ್ಟದಲ್ಲಿ ಒಣಗಿದ್ದ ತೆಂಗಿನಕಾಯಿ ಇಳಿಸಿ ಸುಲಿಯುವ ಮಾತು ಎದ್ದ ದಿನವೇ ದೊಡ್ಡರಂಗಯ್ಯ ಬಚ್ಚಲಲ್ಲಿ ಜಾರಿ ಬಿದ್ದ. ಪೆಟ್ಟೇನೂ ಆಗಲಿಲ್ಲ. ಆದರೆ ಬಿದ್ದದ್ದು ದಂಡವಾಗಬಾರದಲ್ಲ! "ಬಲಗೈ ಸತ್ತೋಯ್ತು ಕಣೇ!" ಎಂದು ಕೂಗಿಕೊಂಡ. ಅಂದಿನಿಂದ ಆ ಕೈ ಒಣಗಿದ ಗರಿಯ ಹಾಗೆ ಜೋತಾಡುತ್ತಿತ್ತು.

ಹೆಂಡತಿ ವನಜಾಕ್ಷಿ ಬಿಡುವವಳಲ್ಲ. ನೊಣವಿನಕೆರೆ ಸ್ಕೂಲಿನಲ್ಲಿ ಮೆದುಳು ಪರೀಕ್ಷೆಯ ಕ್ಯಾಂಪು ನಡೆದಿದೆ ಎಂದು ಕೇಳಿದ್ದೇ ತಡ, ಗಂಡನಿಗೆ ಹಿಟ್ಟು ಕೂಡ ಇಕ್ಕದೆ ಮೊದಲ ಬಸ್ಸಿಗೇ ಎಳೆದುಕೊಂಡು ಹೊರಟಳು. ಡಾಕ್ಟರಮ್ಮನಿಗೆಂದು ಅಟ್ಟದ ಒಂದು ಕಾಯಿಯನ್ನೂ ಚೀಲಕ್ಕೆ ಹಾಕಿಕೊಂಡಳು. ಪಕ್ಕದ ಮನೆ ಭೀಮರಾಜು ಯಾರೂ ಕರೆಯದೆಯೇ ಬಸ್ಸು ಹತ್ತಿದ.

ಕ್ಯಾಂಪಿನಲ್ಲಿ ಡಾಕ್ಟರ್ ಇಂಪನಾ ವೈರು ಇಳಿಬಿದ್ದ ಟೋಪಿಯೊಂದನ್ನು ತಲೆಗೆ ಬಿಗಿದರು. ದೊಡ್ಡರಂಗಯ್ಯ ಹೊಂಬಾಳೆ ಒಡೆದ ಮರದಂತೆ ಕಂಡ.

"ಯಜಮಾನ್ರೇ, ಕೈ ಅಲ್ಲಾಡಿಸ್ಬೇಡಿ. ಕಾಯಿ ಸುಲೀತಿದ್ದೀನಿ ಅಂತ ಮನಸ್ಸಲ್ಲೇ ಅಂದ್ಕೊಳ್ಳಿ. ಕೈ ಆಡಿಸೋ ಮೆದುಳಿನ ಜಾಗ ಎಚ್ಚರ ಆದ್ರೆ ಈ ಟಿವೀಲಿ ಕೆಂಪು ಬರುತ್ತೆ."

ದೊಡ್ಡರಂಗಯ್ಯ ಒಳಗೇ ಲೆಕ್ಕ ಹಾಕಿದ. ಕೆಂಪು ಬಂದರೆ ಕೆಟ್ಟೆ! ಕಾಯಿಯ ಸುದ್ದಿಯೇ ಬೇಡ ಎಂದು ಕಣ್ಣು ಮುಚ್ಚಿ, ಹಸಿದ ಹೊಟ್ಟೆಯಲ್ಲಿ ಬಿಸಿ ಮುದ್ದೆ, ಅವರೆಕಾಳು ಸಾರು ನೆನೆದ. ಮುರಿದ, ಅದ್ದಿದ, ನುಂಗಿದ.

"ಬಂತು ಬಂತು, ಕೆಂಪು!" ಭೀಮರಾಜು ಕುಣಿದ. "ಆದ್ರೆ ಬಲಗೈಗೆ ಎಡಗಡೆ ಹತ್ಕಂಡದಲ್ಲ ಮೇಡಂ? ನಿಮ್ಮ ಮಿಷನ್ನೂ ಇವನಂಗೇ ಸುಳ್ಳು ಹೇಳ್ತದಾ?"

"ಬಲಗೈ ಆಡಿಸೋದು ಮೆದುಳಿನ ಎಡಭಾಗಾನೇ ಕಣ್ರೀ."

ಮುದ್ದೆ ಮುರಿಯುವುದೂ ಅದೇ ಬಲಗೈಯೆಂದು ದೊಡ್ಡರಂಗಯ್ಯನಿಗೆ ಆಗ ಹೊಳೆಯಿತು.

"ಅಂಗಾದ್ರೆ ಇಷ್ಟ್ ದಿನ ಆಡಿದ್ದು ನಾಟಕ!" ವನಜಾಕ್ಷಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ದುಡುಕಬೇಡಿ ಅಮ್ಮ," ಡಾಕ್ಟರು ತಡೆದರು. "ಮೆದುಳು ಹೇಳ್ತಾ ಇದೆ, ಕೈಗೆ ತಲುಪ್ತಾ ಇಲ್ವೇನೋ. ನಡುವೆ ನರಕ್ಕೆ ಏಟಾಗಿರಬಹುದು. ದೊಡ್ಡಾಸ್ಪತ್ರೇಲಿ ತೋರಿಸೋವರೆಗೂ ಇವರ ಕೈಲಿ ಕಾಯಿ ಸುಲಿಸ್ಬೇಡಿ."

ವನಜಾಕ್ಷಿಯ ಕಣ್ಣು ತುಂಬಿತು. "ಪಾಪಿ ನಾನು, ಸುಮ್ನೆ ಬೈದ್ಬುಟ್ಟೆ. ಈ ಸಲ ಭೀಮರಾಜಣ್ಣ ಸುಲೀತಾನೆ ಬುಡಿ."

ಭೀಮರಾಜುವಿನ ಮುಖ ಹರಳೆಣ್ಣೆ ಕುಡಿದಂತಾಯಿತು. ದೊಡ್ಡರಂಗಯ್ಯನಿಗೋ ಸ್ವರ್ಗವೇ ಅಂಗೈಗೆ ಬಂದಷ್ಟು ಖುಷಿ!

ಡಾಕ್ಟರಮ್ಮನಿಗೆ ಕೊಡಲು ವನಜಾಕ್ಷಿ ಚೀಲದಿಂದ ಕಾಯಿ ತೆಗೆದಳು. ಜೊತೆಗೆ ಕೊಡಬೇಕಿದ್ದ ಕುಂಕುಮದ ಪೊಟ್ಟಣ ತಳಕ್ಕೆ ಸೇರಿತ್ತು. "ಒಸಿ ಹಿಡ್ಕಳಿ" ಎಂದು ಕಾಯಿಯನ್ನು ಗಂಡನ ಕಡೆ ಚಾಚಿ, ಚೀಲಕ್ಕೆ ಕೈ ಹಾಕಿದಳು.

ಆ ಸೀಮೆಯಲ್ಲಿ ಅಟ್ಟದ ಕಾಯಿ ಕೈಗೆ ಬಂದರೆ, ಒಳಗೆ ಕೊಬ್ಬರಿ ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡಿದೆಯೇ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡದವರೇ ಇಲ್ಲ. ದೊಡ್ಡರಂಗಯ್ಯನ ಬಲಗೈ ಕಾಯಿ ಹಿಡಿದು ಸೊಯ್ಯನೆ ಮೇಲೆದ್ದಿತು. ಒಳಗಿನಿಂದ ಲೊಟಲೊಟ ಸದ್ದು ಬಂತು.

"ಆಹಾ! ಎಂಥಾ ಕೊಬ್ಬರಿ ಕಣೇ! ಇವತ್ತೇ ಕೂತು ಸುಲೀಬೌದು!"