ಕಪ್ಪು ನೀರಿನ ಯಜಮಾನ

ಪಾರಿಸ ಬಾಯಿ ಮುಚ್ಚಿಕೊಂಡು ಚಹಾ ಕುಡಿದಿದ್ದರೆ ಆ ದಿನ ಅವನಿಗೇನೂ ಆಗುತ್ತಿರಲಿಲ್ಲ.

ಶಿರಗುಪ್ಪಿಯ ಆಚೆಗಿದ್ದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಅವನು ಸ್ಟೋರ್ ಗುಮಾಸ್ತ. ತೊಂಬತ್ತಮೂರರ ಜೂನ್. ಕಬ್ಬು ನುರಿಸುವ ಹಂಗಾಮು ಮುಗಿದು, ಉಳಿದ ಕಾಕಂಬಿ, ಬಾಯ್ಲರಿನ ಬೂದಿ, ಯಂತ್ರದ ಎಣ್ಣೆ ಎಲ್ಲವೂ ಅಂಗಳದಲ್ಲಿ ಬಯಲಿಗೆ ಬಿದ್ದಿದ್ದವು. ಪ್ರತಿ ವರ್ಷ ಮೊದಲ ದೊಡ್ಡ ಮಳೆ ಅದನ್ನೆಲ್ಲ ಗಟಾರದಿಂದ ಹಳ್ಳಕ್ಕೆ ಒಯ್ದು ಸುರಿಯುತ್ತಿತ್ತು. ಹೋದ ವರ್ಷ ಆ ನೀರು ಕುಡಿದು ಪಾರಿಸನ ನೆರೆಮನೆಯ ಮುದುಕಿ ಲಗಮವ್ವನ ಎರಡೂ ಎಮ್ಮೆಗಳು ದಂಡೆಯಲ್ಲೇ ಸತ್ತಿದ್ದವು. ಅಂದಿನಿಂದ ಆಕೆ ಬೆಳಗಾದರೆ ಅವನ ಬಾಗಿಲಲ್ಲಿ ನಿಂತು, "ನಿಮ್ಮ ಕಾರ್ಖಾನಿ ನನ್ನ ಹಾಲ ಕುಡದ್ ಹೋತು ತಮ್ಮಾ" ಎನ್ನುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಬೈಯುತ್ತಿರಲಿಲ್ಲ.

ಆ ದಿನ ಮೋಡ ಕಟ್ಟಿತ್ತು. ಮ್ಯಾನೇಜರ್ ಭಾವುಸಾಹೇಬರ ಮುಂದೆ ಚಹಾ ಕುಡಿಯುತ್ತಿದ್ದಾಗ ಪಾರಿಸನ ಬಾಯಿ ಜಾರಿತು.

"ಸಾಹೇಬ್ರ, ಗಟಾರದ ಬಾಯಿ ಕಟ್ಟಿದ್ರ ಹೊಲಸು ಹಳ್ಳಕ್ಕ ಹೋಗೂದಿಲ್ರಿ."

ಸಂತೆಯಲ್ಲಿ ಅಗ್ಗದ ಹೋರಿ ಕಂಡವರಂತೆ ಭಾವುಸಾಹೇಬರ ಮುಖ ಅರಳಿತು.

"ಶಾಬಾಸ್! ಇವತ್ತಿನಿಂದ ಮಳಿ ನೀರಿನ ಇನ್‌ಚಾರ್ಜ್ ನೀನಽ. ಮಧ್ಯಾಹ್ನ ಮಾಲಿನ್ಯದ ಸಾಹೇಬ್ರು ಬರಾವ್ರದಾರ, ಅವರ ಮುಂದೂ ಹಂಗಽ ಹೇಳು."

ಪಾರಿಸ ಗಟಾರದ ಬಾಯಿಗೆ ಒಡ್ಡಲು ಚೀಲಗಳಿಗೆ ಮಣ್ಣು ತುಂಬತೊಡಗಿದ. ಟೈಮ್ ಕೀಪರ್ ಕಾಕಾಸಾಹೇಬನಿಗೆ ಸಲಹೆ ಕೊಡದಿದ್ದರೆ ಉಂಡದ್ದು ಕರಗುತ್ತಿರಲಿಲ್ಲ. "ಚೀಲದಾಗ ಮಣ್ಣ ಯಾಕ ಹೊರ್ತಿ? ಕಬ್ಬಿನ ಸಿಪ್ಪಿ ತುಂಬು, ಹಗುರ ಆಗ್ತೈತಿ" ಎಂದ. ಪಾರಿಸ ತುಂಬಿದ. ಮಳೆ ಬಿದ್ದದ್ದೇ ತಡ, ಚೀಲಗಳು ಬಾತುಕೋಳಿಗಳಂತೆ ಸಾಲುಗಟ್ಟಿ ಹಳ್ಳದತ್ತ ಹೊರಟವು.

"ಇಷ್ಟ ಹಗುರ ಆಗ್ತಾವಂತ ಗೊತ್ತಿರ್ಲಿಲ್ಲ ಬಿಡಪಾ" ಎಂದು ಕಾಕಾಸಾಹೇಬ ಕೊಡೆ ಹಿಡಿದುಕೊಂಡು ಒಳಗೆ ನಡೆದ.

ಹಳ್ಳದ ಕಡೆಯಿಂದ ಬಂದ ಲಗಮವ್ವ ಇದನ್ನೆಲ್ಲ ನೋಡಿದಳು. ಸೀರೆ ಮೇಲಕ್ಕೆ ಕಟ್ಟಿ ಬುಟ್ಟಿಯಲ್ಲಿ ಮಣ್ಣು ಹೊರತೊಡಗಿದಳು. ಇಬ್ಬರೂ ಸೇರಿ ಬೇರೆ ಚೀಲಗಳಿಗೆ ಮಣ್ಣು ತುಂಬಿ ಗಟಾರದ ಬಾಯಿ ಭದ್ರವಾಗಿ ಮುಚ್ಚಿದರು. ಚಳಿಗೆ ನಡುಗುತ್ತಿದ್ದ ಮುದುಕಿಯನ್ನು ಪಾರಿಸ ಮನೆಗೆ ಕಳಿಸಿದ.

ಹೊರಗೆ ಹೋಗಲು ದಾರಿ ಕಾಣದ ಕಪ್ಪು ನೀರು ಹಿಂದಕ್ಕೆ ತಿರುಗಿ ಆಫೀಸಿಗೆ ಹೋಯಿತು. ಭಾವುಸಾಹೇಬರು ಮೇಜು ಹತ್ತಿ, ಕಿಟಕಿಯಿಂದ ಕೂಗಿದರು: "ತಗಿಯೋ ಆ ಚೀಲಾ!"

"ತಗಿಯೂದಿಲ್ರಿ."

ಹುಟ್ಟಿದ ಮೇಲೆ ಪಾರಿಸ ಮೇಲಿನವರಿಗೆ ಇಲ್ಲ ಎಂದದ್ದು ಅದೇ ಮೊದಲು. ಮೊಣಕಾಲುದ್ದ ಹೊಲಸಿನಲ್ಲಿ ನಿಂತು ಅವನಿಗೆ ಅಳು ಬರುವಷ್ಟು ಸಂತೋಷವಾಯಿತು.

ಅಷ್ಟರಲ್ಲಿ ಮಾಲಿನ್ಯ ಮಂಡಳಿಯ ಜೀಪು ಬಂತು. ಅಧಿಕಾರಿ ಹಳ್ಳ ನೋಡಿ ಬಂದರು. ನೀರು ಕೆಂಪಗಿತ್ತು, ಬರೀ ಮಣ್ಣಿನ ಕೆಂಪು.

"ಇದನ್ನ ಕಟ್ಟಿಸಿದವ್ರು ಯಾರ್ರೀ?"

"ನಾನಽ ರೀ. ಮಳಿ ನೀರಿನ ಇನ್‌ಚಾರ್ಜ್ ರೀ."

"ಹೌದ್ರಿ, ಎಲ್ಲಾ ಅಂವಂದಽ ರೀ!" ಎಂದು ಮೇಜಿನ ಮೇಲಿಂದ ಭಾವುಸಾಹೇಬರು ದನಿಗೂಡಿಸಿದರು.

ಅಧಿಕಾರಿ ಪಾರಿಸನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಎಷ್ಟ ದಿನದಿಂದ ನಿಮ್ಮನ್ನ ಹುಡುಕಾಕತ್ತಿದ್ವಿ! ಯಾವಾಗ ಬಂದ್ರೂ ಕಾರ್ಖಾನಿಯವ್ರು ಈ ನೀರಿಗೆ ಜವಾಬ್ದಾರಿ ಯಾರೂ ಇಲ್ಲ, ಯಾರ ಮ್ಯಾಲ ಕೇಸ್ ಹಾಕ್ತೀರಿ ಅಂತಿದ್ರು. ಹ್ವಾದ ವರ್ಷ ಎಮ್ಮಿ ಸತ್ತ ಕೇಸು ಹಂಗಽ ಉಳದಿತ್ತು. ಇನ್ನ ಚಿಕ್ಕೋಡಿ ಕೋರ್ಟಿಗಿ ಬರ್ರಿ."

"ಸಾಹೇಬ್ರ, ನಾ ಇನ್‌ಚಾರ್ಜ್ ಆಗಿದ್ದು ಇವತ್ತ ಮುಂಜಾನಿ..."

"ಅದನ್ನ ಅಲ್ಲೇ ಹೇಳ್ರಿ."

ಜೀಪು ಗೇಟು ದಾಟಿತು. ಭಾವುಸಾಹೇಬರು ಆಳುಗಳನ್ನು ಕರೆದು ಚೀಲ ಕೀಳಿಸಿದರು. ಅಂಗಳದ ಕಪ್ಪು ನೀರೆಲ್ಲ ಒಂದೇ ಉಸಿರಿಗೆ ಹಳ್ಳ ಸೇರಿತು.

ಪಾರಿಸ ಮನೆ ಮುಟ್ಟಿದಾಗ ಲಗಮವ್ವ ಬಾಗಿಲಲ್ಲೇ ಇದ್ದಳು. ಇಡೀ ವರ್ಷದಲ್ಲಿ ಆಕೆ ನಕ್ಕದ್ದನ್ನು ಅವನು ಅಂದೇ ಕಂಡ.

"ತಮ್ಮಾ, ಜೀಪಿನ ಸಾಹೇಬ್ರು ಬಂದು ಹೇಳಿ ಹ್ವಾದ್ರು. ನನ್ನ ಎಮ್ಮಿ ಕೊಂದಾವ ಸಿಕ್ಕಾನಂತ, ಯಾವನೋ ನೀರಿನ ಇನ್‌ಚಾರ್ಜ್ ಅಂತ! ನಾ ಸಾಕ್ಷಿ ಹೇಳಾಕ ಬರಬೇಕಂತ. ಅಂವಗ ಜೇಲ್ ಆಗೂಮಟಾ ನಾ ಬಿಡೂದಿಲ್ಲ. ಚಿಕ್ಕೋಡಿ ಹಾದಿ ನಂಗ ಗೊತ್ತಿಲ್ಲ, ನನ್ನ ಜೋಡಿ ಬರ್ತಿಯೇನು?"

ಪಾರಿಸ ಅವಳ ಮಣ್ಣಾದ ಕೈಗಳನ್ನು ನೋಡಿದ.

"ಬರ್ತೀನಿ ಕಾಕೂ" ಎಂದ. "ನಾ ಬರ್ದಿದ್ರ ಕೇಸಽ ನಡಿಯೂದಿಲ್ಲ."