ಜಯಣ್ಣನ ಕೆಂಪು ಕಾರಿಗೆ ನಂಬರ್ ಬಂದ ದಿನ

ಎಲ್ಲದಕ್ಕೂ ಮೂಲ ಒಂದು ಜಲ್ಲಿಕಲ್ಲು. ಹುಣಸೆಬೀಜಕ್ಕಿಂತ ತುಸು ದಪ್ಪ, ಅಷ್ಟೆ. ನಮ್ಮ ಬೀದಿಗೆ ಹೊಸದಾಗಿ ಡಾಂಬರು ಹಾಕಲು ತಂದು ಸುರಿದಿದ್ದ ರಾಶಿಯಿಂದ ಉರುಳಿ ನಡುಬೀದಿಗೆ ಬಂದಿತ್ತು. ಬೆಳಿಗ್ಗೆ ಏಳು ಗಂಟೆಗೆ ಯೋಗೇಂದ್ರನ ಬೈಕಿನ ಚಕ್ರಕ್ಕೆ ಸಿಕ್ಕಿ ಚಿಮ್ಮಿ, ಮೃತ್ಯುಂಜಯನ ಕಾರಿನ ಬಾಗಿಲಿಗೆ ಟಣ್ ಎಂದು ಬಡಿಯಿತು. ಕುಂಬಾರಕೊಪ್ಪಲಿನಲ್ಲಿ ಬೇರೆ ಯಾರಿಗೂ ಆ ಸದ್ದು ಕೇಳಿಸಲಿಲ್ಲ. ಬಚ್ಚಲಲ್ಲಿ ಹಲ್ಲುಜ್ಜುತ್ತಿದ್ದ ಮೃತ್ಯುಂಜಯನಿಗೆ ಮಾತ್ರ ಚಾಮುಂಡಿ ಬೆಟ್ಟ ಉರುಳಿ ಬಂದಂತೆ ಕೇಳಿಸಿತು. ಬಾಯಿ ತುಂಬ ನೊರೆ ಇಟ್ಟುಕೊಂಡೇ ಬೀದಿಗೆ ಬಂದ.

ನಾವೆಲ್ಲ ಜಯಣ್ಣ ಎಂದು ಕರೆಯುವ ಈ ಮೃತ್ಯುಂಜಯನ ಕೋಪ ನೋಡದವರಿಗೆ ನಾನು ಸ್ವಲ್ಪ ವಿವರಿಸಬೇಕು. ಎದುರು ಮನೆಯವನಾದ್ದರಿಂದ ಇಪ್ಪತ್ತು ವರ್ಷ ನೋಡಿದ್ದೇನೆ. ಮೊದಲು ಕಿವಿ ಕೆಂಪಾಗುತ್ತದೆ, ಆಮೇಲೆ ಮೂಗಿನ ತುದಿ. ಎರಡೂ ಒಟ್ಟಿಗೆ ಕೆಂಪಾದ ದಿನ ನಮ್ಮ ಬೀದಿಯ ನಾಯಿಗಳು ಸಾಲಾಗಿ ಊರಾಚೆಯ ಇಲವಾಲದ ಕಡೆ ಹೊರಟು ಕತ್ತಲಾದ ಮೇಲೆ ಹಿಂತಿರುಗುತ್ತವೆ. ಇದರಲ್ಲಿ ಒಂದಕ್ಷರ ಹೆಚ್ಚಿಲ್ಲ. ನಾಯಿಗಳನ್ನು ನಾನೇ ಎಣಿಸಿದ್ದೇನೆ, ಹದಿನಾಲ್ಕು.

ಇನ್ನು ಕಾರು. ಸಿಂಗಪುರದಿಂದ ವಾಪಸಾದ ಒಬ್ಬ ಇಂಜಿನಿಯರು ತಂದಿದ್ದ, ಸೆಕೆಂಡ್ ಹ್ಯಾಂಡ್ ಜಪಾನ್ ಕಾರು. ಎರಡೇ ಬಾಗಿಲು, ಇನ್ನೂರು ಕುದುರೆಯ ಶಕ್ತಿ, ಹಣ್ಣು ಮೆಣಸಿನಕಾಯಿಯ ಬಣ್ಣ. ಅದರ ಹೊಟ್ಟೆಗೂ ನೆಲಕ್ಕೂ ನಾಲ್ಕೇ ಬೆರಳು. ಅದರಡಿ ನುಗ್ಗಬೇಕಾದರೆ ಇಲಿಯೂ ತಲೆ ತಗ್ಗಿಸಬೇಕು. ಲಷ್ಕರ್ ಮೊಹಲ್ಲಾದಲ್ಲಿ ವಿಭೂತಿ, ರುದ್ರಾಕ್ಷಿ ಮಾರುವ ಮನುಷ್ಯನಿಗೆ ಇಂಥ ಕಾರು ಯಾಕೆ ಎಂದು ಕೇಳಿದವರಿಗೆಲ್ಲ ಜಯಣ್ಣ ಕಿವಿ ಕೆಂಪು ಮಾಡಿ ತೋರಿಸಿದ್ದ.

ಕಾರು ಬಂದು ನಿಂತ ದಿನವೇ ಯೋಗೇಂದ್ರ ಅದರ ಸುತ್ತ ಒಂದು ಸುತ್ತು ಹಾಕಿ, "ಅಣ್ಣ, ನಂಬರ್ ಬರೋವರ್ಗೂ ಇದು ಕಾರಲ್ಲ, ಬೀರು. ಒಳಗೆ ಬಟ್ಟೆ ಮಡ್ಚಿಡಿ," ಅಂದಿದ್ದ. ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗ, ಗಾಡಿಗಳ ವಿಷಯ ಬಲ್ಲವನು. ಜಯಣ್ಣನ ಕಿವಿ, ಮೂಗು ಒಟ್ಟಿಗೆ ಕೆಂಪಾದವು. ಇಡೀ ಬೀದಿ ಕೇಳುವ ಹಾಗೆ ಶಪಥ ಮಾಡಿಬಿಟ್ಟ: "ಅಂಗಡಿ ಮುಂದೆ ನಾನು ಇಳಿದ್ರೆ ಈ ಕಾರಿಂದಾನೇ ಇಳಿಯೋದು. ಅಲ್ಲೀವರ್ಗೂ ಬೇರೆ ಯಾವ ಗಾಡಿಗಾದ್ರೂ ಕಾಲಿಟ್ರೆ ನಾನು ನಮ್ಮಪ್ಪನ ಮಗನೇ ಅಲ್ಲ."

ಅದೇ ಸಂಜೆ ಸ್ಕೂಟರ್ ಮಾರಿದ. ನಂಬರ್ ಹದಿನೈದು ದಿನದಲ್ಲಿ ಬರುತ್ತದೆ ಅಂದುಕೊಂಡಿದ್ದ. ಒಂದು ಕಾಗದ ಮದ್ರಾಸಿಗೆ ಹೋಯಿತು, ಇನ್ನೊಂದು ಬೆಂಗಳೂರಿಗೆ ಹೋಯಿತು, ಜಪಾನೀ ಭಾಷೆಯ ಒಂದು ಕಾಗದ ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸುವುದರಲ್ಲೇ ಸಂಕ್ರಾಂತಿ ಕಳೆಯಿತು. ಹನ್ನೊಂದು ತಿಂಗಳು ಜಯಣ್ಣ ಕುಂಬಾರಕೊಪ್ಪಲಿನಿಂದ ಲಷ್ಕರ್ ಮೊಹಲ್ಲಾಕ್ಕೆ ನಡೆದ. ಮಳೆಯಲ್ಲಿ ನಡೆದ, ಜ್ವರದಲ್ಲಿ ನಡೆದ. ಏಳು ಜೊತೆ ಚಪ್ಪಲಿ ಸವೆದವು. ಅವನ ಅಂಗಡಿ ಪಕ್ಕದ ಚಪ್ಪಲಿ ಅಂಗಡಿಯವನು ಆ ವರ್ಷ ಮೊದಲನೇ ಮಹಡಿ ಕಟ್ಟಿಸಿದ.

ಕೊನೆಗೂ ಇವತ್ತು ಮಧ್ಯಾಹ್ನ ಮೂರಕ್ಕೆ ಸಾರಿಗೆ ಕಚೇರಿಯಲ್ಲಿ ಕಾರು ತಪಾಸಣೆ. ಅಲ್ಲಿನ ಇನ್‌ಸ್ಪೆಕ್ಟರ್ ಕೃಷ್ಣಸ್ವಾಮಿ ನಿನ್ನೆಯೇ ಹೇಳಿದ್ದರು, "ನೋಡಿ, ನಾಳೆ ಐದಕ್ಕೆ ನಾನು ಚಾರ್ಜ್ ಕೊಟ್ಟು ಟ್ರಾನ್ಸ್‌ಫರ್ ಮೇಲೆ ಹೋಗ್ತೀನಿ. ಅಷ್ಟರೊಳಗೆ ಆಗ್ಲಿಲ್ಲ ಅಂದ್ರೆ ಹೊಸಬರು ಬಂದು ಮೊದಲಿಂದ ನೋಡ್ತಾರೆ." ಮೊದಲಿಂದ ಎಂಬ ಮಾತು ಕೇಳಿದ್ದೇ ಜಯಣ್ಣನ ಅಂಗಾಲು ಉರಿದಿತ್ತು.

ಅಂಥ ದಿನ ಬೆಳಿಗ್ಗೆ ಈ ಜಲ್ಲಿಕಲ್ಲು. ಬಾಗಿಲ ಮೇಲೆ ಸಾಸಿವೆ ಕಾಳಿನಷ್ಟು ಗುರುತು. ಯೋಗೇಂದ್ರ ಅಷ್ಟರಲ್ಲಿ ಬೀದಿ ದಾಟಿದ್ದ. ಸಿಕ್ಕಿದವರು ಹುಚ್ಚಣ್ಣ.

ಹುಚ್ಚಣ್ಣ ನಮ್ಮ ಬೀದಿಯ ಅರ್ಜಿ ಬರೆಯುವ ಮನುಷ್ಯ. ನಿವೃತ್ತರಾದ ಮೇಲೆ ನಲ್ಲಿ ನೀರಿಗೆ, ಬೀದಿ ದೀಪಕ್ಕೆ, ಕೋತಿಗಳಿಗೆ, ಎಲ್ಲಕ್ಕೂ ಅರ್ಜಿ ಬರೆದಿದ್ದಾರೆ. ಅವರ ಕಂಕುಳಲ್ಲಿ ಕಾಗದ ಇಲ್ಲದ ದಿನ ಅವರ ಹೆಂಡತಿಗೇ ಗುರುತು ಸಿಗುವುದಿಲ್ಲ.

"ನೋಡಿದೆ ಕಣ್ರೀ ಜಯಣ್ಣ, ಕಣ್ಣಾರೆ ನೋಡಿದೆ," ಅಂದರು. "ಈ ಹುಡುಗರ ಬೈಕ್ ಹಾವಳಿಗೆ ಏನಾದ್ರೂ ಮಾಡ್ಬೇಕು ಅಂತ್ಲೇ ಅರ್ಜಿ ಬರ್ದಿದೀನಿ. ಇಪ್ಪತ್ತೊಂಬತ್ತು ಸಹಿ ಆಗದೆ. ನಿಮ್ದೊಂದು ಬಿದ್ರೆ ಮೂವತ್ತು. ಓದಿ ನೋಡಿ ಒಂದ್ಸಲ."

"ಓದೋದೇನು ಬಂತು, ಕೊಡಿ ಇಲ್ಲಿ," ಎಂದು ಜಯಣ್ಣ ನೊರೆ ಉಗಿದು ಪೆನ್ನು ಕಿತ್ತುಕೊಂಡ. ಸಹಿ ಹಾಕಿದ. ಕೋಪ ತೀರಲಿಲ್ಲ. ಸಹಿಯ ಕೆಳಗೆ ಕಾಗದ ಹರಿಯುವ ಹಾಗೆ ದಪ್ಪಕ್ಷರದಲ್ಲಿ ಬರೆದ: 'ಯಾರ ಮುಲಾಜೂ ನೋಡಬೇಡಿ. ಭದ್ರವಾಗಿ ಮಾಡಿ. ಇವತ್ತೇ ಆಗಬೇಕು.'

"ಇದು ಮಾತು ಅಂದ್ರೆ," ಎಂದು ಹುಚ್ಚಣ್ಣ ಕಾಗದವನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡು ಹೋದರು.

ಜಯಣ್ಣ ಕಾರಿನ ಹೊದಿಕೆ ತೆಗೆಯಲು ತಿರುಗಿದರೆ ಅದರ ಮೇಲೆ ಹಾಲಿನ ಬೋರಮ್ಮನ ಸಂಡಿಗೆ. ಒಂದಲ್ಲ ಎರಡಲ್ಲ, ಮೂರು ಮದುವೆಗೆ ಆಗುವಷ್ಟು.

"ಬೋರಮ್ಮ, ಇದೇನು ಕಾರಾ, ನಿಮ್ಮ ಮನೆ ತಾರಸಿನಾ?"

"ಎರಡು ಬಿಸ್ಲು ಸಾಕು ಕಣಪ್ಪ. ನಿನ್ ಕಾರಿನ ಮ್ಯಾಲೆ ಒಣಗಿದ ಸಂಡಿಗೆ ಎಣ್ಣೇಲಿ ಎಂಗೆ ಅರಳ್ತದೆ ಗೊತ್ತಾ? ನಿಮ್ಮವ್ವನ್ನೇ ಕೇಳು, ತಿಂಗಳಿಗೊಂದು ಡಬ್ಬ ಕೊಡ್ತಿಲ್ವಾ ನಾನು?"

ಸಂಡಿಗೆ ಇಳಿಸುವುದರಲ್ಲಿ ಹತ್ತು ಗಂಟೆ. ಕೀಲಿ ತಿರುಗಿಸಿದರೆ ಕಾರು ಒಂದು ಬಿಕ್ಕಳಿಕೆಯನ್ನೂ ಕೊಡಲಿಲ್ಲ. ಹನ್ನೊಂದು ತಿಂಗಳಲ್ಲಿ ಬ್ಯಾಟರಿ ಸತ್ತು ಅದರ ತಿಥಿಯೂ ಮುಗಿದಿತ್ತು. ತಳ್ಳಲು ಬಂದವರು ಬೀದಿ ತುದಿಯವರೆಗೆ ತಳ್ಳಿ ಕಾಫಿ ಕೇಳಿದರು. ಕಡೆಗೆ ಸಿಕ್ಕಿದ್ದು ಇಲವಾಲದ ನಿಂಗಯ್ಯ. ಬೋರಮ್ಮನ ಹಸುಗಳಿಗೆ ಹುಲ್ಲು ತರುವ ಅವನ ಗಾಡಿಯ ಎತ್ತುಗಳನ್ನು ಬಿಚ್ಚಿ ಕಾರಿಗೆ ಹಗ್ಗ ಕಟ್ಟಿದರು.

"ಸ್ವಾಮಿ, ಇದ್ರೊಳಗೆ ಎಷ್ಟು ಕುದುರೆ ಅಂದ್ರಿ?" ನಿಂಗಯ್ಯ ಕೇಳಿದ.

"ಇನ್ನೂರು," ಜಯಣ್ಣ ಹಲ್ಲು ಕಡಿದ.

"ಎಲ್ಲಾ ಮಲಗವೆ," ಎಂದು ನಿಂಗಯ್ಯ ಎತ್ತಿನ ಬಾಲ ಮುಟ್ಟಿದ.

ಜಯಣ್ಣ ಸ್ಟೀರಿಂಗ್ ಹಿಡಿದು ಕೂತ. ಹಿಂದಿನ ಸೀಟಿನಲ್ಲಿ ಅವನ ಅವ್ವ, ತೊಡೆಯ ಮೇಲೆ ಪೂಜೆಯ ತಟ್ಟೆ. ಬೇಡ ಅಂದರೂ ಕೇಳಲಿಲ್ಲ. ಕಾರು ಹೊರಟದ್ದನ್ನು ನೋಡಿ ನಾವೊಂದಷ್ಟು ಜನ ಹಿಂದೆ ಹೊರಟೆವು. ದಾರಿಯುದ್ದಕ್ಕೂ ಜನ ಇದು ಯಾವ ದೇವರ ಉತ್ಸವ ಎಂದು ತಿಳಿಯದೆ ಕೈಮುಗಿದರು. ಒಬ್ಬಾಕೆ ಎತ್ತುಗಳ ಪಾದಕ್ಕೆ ಬಿಂದಿಗೆ ನೀರು ಹಾಕಿ, ಜಯಣ್ಣನ ಹಣೆಗೂ ಕುಂಕುಮ ಇಟ್ಟಳು. ಸೈಕಲ್ಲುಗಳು ನಮ್ಮನ್ನು ಹಿಂದೆ ಹಾಕಿದವು. ಒಂದು ಶವಯಾತ್ರೆಯೂ ಹಿಂದೆ ಹಾಕಿತು. ಅದರಲ್ಲಿದ್ದವನೊಬ್ಬ ತಿರುಗಿ ನೋಡಿ, "ಪಾಪ," ಅಂದ. ಕಾರಿನೊಳಗೆ ಜಯಣ್ಣನ ಮುಖ ಎಷ್ಟು ಕೆಂಪಾಗಿತ್ತೆಂದರೆ ಕಾರಿನ ಬಣ್ಣ ಎಲ್ಲಿ ಮುಗಿದು ಮುಖ ಎಲ್ಲಿ ಶುರುವಾಗುತ್ತದೆ ಎಂದು ಹೇಳುವಂತಿರಲಿಲ್ಲ.

ಸಾರಿಗೆ ಕಚೇರಿ ಮೈದಾನ ತಲುಪಿದಾಗ ಮೂರೂವರೆ. ಇನ್‌ಸ್ಪೆಕ್ಟರ್ ಕೃಷ್ಣಸ್ವಾಮಿ ಕಾಗದ, ಪೆನ್ಸಿಲ್ ಹಿಡಿದು ಬಂದರು. ಕಾರಿನ ಮೈಮೇಲೆ ಕಂಪನಿಯವರೇ ಒತ್ತಿರುವ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಚ್ಚು ಮೂಡಬೇಕು. ಅದು ಫೈಲಿನ ನಂಬರಿಗೆ ತಾಳೆಯಾಗಬೇಕು. ಅಷ್ಟೇ ಕೆಲಸ. ಅವರು ಬಾನೆಟ್ ಎತ್ತಿದರು, ಬಗ್ಗಿದರು, ಹಾಗೇ ನಿಂತರು.

"ಏನ್ರೀ ಇದು, ಇಲ್ಲಿ ಯಾರನ್ನ ಪ್ರತಿಷ್ಠಾಪನೆ ಮಾಡಿದೀರಿ?"

ನಂಬರ್ ಇರಬೇಕಾದ ಜಾಗದಲ್ಲಿ ಅಂಗೈ ಅಗಲದ ಗುಡ್ಡ. ವಿಭೂತಿ, ಅದರ ಮೇಲೆ ಗಂಧ, ಅದರ ಮೇಲೆ ಕುಂಕುಮ, ಮತ್ತೆ ವಿಭೂತಿ. ತುದಿಯಲ್ಲಿ ಬಾಡಿದ ತುಂಬೆ ಹೂವು.

"ಅವ್ವ, ಇದು ಯಾರ ಕೆಲ್ಸ?" ಜಯಣ್ಣನ ಧ್ವನಿ ಮೈದಾನದ ಆಚೆ ತುದಿಯಲ್ಲಿ ಲೈಸೆನ್ಸಿಗೆ ಎಂಟು ಹಾಕುತ್ತಿದ್ದ ಸ್ಕೂಟರಿನವನನ್ನು ಬೀಳಿಸಿತು.

"ಕೂಗ್ಬೇಡ ಕಣೋ. ಕಾರು ಬಂದ ದಿನ, ಇದನ್ನ ಕೊಡ್ಸಿದ ಬ್ರೋಕರ್ ಏನಂದ? ಕಾರಿನ ಪ್ರಾಣ ಎಲ್ಲಾ ಈ ನಂಬರಲ್ಲೇ ಅದೆ ಅಂದ. ಪ್ರಾಣಕ್ಕೆ ಪೂಜೆ ಮಾಡ್ದೆ ಟೈರಿಗೆ ಮಾಡ್ಲಾ? ಒಂದು ಸೋಮವಾರ ಬಿಟ್ಟಿಲ್ಲ ನಾನು."

ನಲವತ್ತೇಳು ಸೋಮವಾರ. ಕೃಷ್ಣಸ್ವಾಮಿ ಪ್ರಯತ್ನ ಮಾಡಿದರು. ಕಾಗದದ ಮೇಲೆ ನಂಬರಿನ ಬದಲು ಮೂರು ಪಟ್ಟೆ ಮೂಡಿತು. ನೀರು ಹಾಕಿದರು, ಜಗ್ಗಲಿಲ್ಲ. ಸೀಮೆಎಣ್ಣೆ ಹಾಕಿದರು, ಘಮಘಮಿಸಿತು. ಜಯಣ್ಣ ಸ್ಕ್ರೂಡ್ರೈವರ್ ಹಿಡಿದು ಬಂದ.

"ಚೂಪಾದ್ದು ಮುಟ್ಟಿಸ್ಬೇಡಿ," ಇನ್‌ಸ್ಪೆಕ್ಟರ್ ತಡೆದರು. "ಒಂದು ಗೀರು ಬಿದ್ರೂ ನಂಬರ್ ತಿದ್ದಿದಾರೆ ಅಂತ ಬರೀಬೇಕಾಗುತ್ತೆ. ಯಾವ ಅಂಗಡಿ ವಿಭೂತಿ ರೀ ಇದು, ಸಿಮೆಂಟ್ ಇದ್ದಂಗಿದೆ?"

ಜಯಣ್ಣ ಸ್ಕ್ರೂಡ್ರೈವರನ್ನು ಜೇಬಿಗೆ ತುರುಕಿದ. 'ಹಚ್ಚಿದರೆ ಹೋಗದು' ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಿಸಿ ಮಾರುವವನು ಅವನೇ.

ಗಂಟೆ ನಾಲ್ಕೂಕಾಲು. ಜಯಣ್ಣ ತನ್ನ ಅಂಗಡಿಯನ್ನು ಬೈದ, ವಿಭೂತಿ ಸುಟ್ಟವನನ್ನು ಬೈದ, ಸೋಮವಾರವನ್ನು ಬೈದ. ಅವ್ವ ಅವನನ್ನು ಪಕ್ಕಕ್ಕೆ ತಳ್ಳಿ ಕ್ಯಾಂಟೀನಿಗೆ ಹೋಗಿ, ಬೇಳೆ ಸಾರಿಗೆ ನೆನೆಹಾಕಿದ್ದ ಹುಣಸೆಹಣ್ಣನ್ನು ಕೇಳಿ ತಂದಳು. ಸೆರಗು ಸಿಕ್ಕಿಸಿ, ಹಬ್ಬದ ಹಿಂದಿನ ದಿನ ಹಿತ್ತಾಳೆ ದೀಪ ಉಜ್ಜುವ ಹಾಗೆ ಆ ಇನ್ನೂರು ಕುದುರೆಯ ಕಾರಿನ ಹೊಟ್ಟೆ ಉಜ್ಜಿದಳು. ಕಚೇರಿಯ ಗುಮಾಸ್ತರೆಲ್ಲ ಕಿಟಕಿಗೆ ಬಂದರು. ನಾಲ್ಕು ನಲವತ್ತಕ್ಕೆ ಒಂದು ಅಂಕಿ ಕಂಡಿತು. ನಾಲ್ಕು ಐವತ್ತಕ್ಕೆ ಪೂರ್ತಿ ನಂಬರು ಗರ್ಭಗುಡಿಯ ದೀಪದ ಹಾಗೆ ಫಳಫಳ ಹೊಳೆಯಿತು. ಕೃಷ್ಣಸ್ವಾಮಿ ಅಚ್ಚು ತೆಗೆದು, ತಾಳೆ ನೋಡಿ, ಸಹಿ ಹಾಕಿ, ಗಡಿಯಾರ ನೋಡಿದರು. ಐದಕ್ಕೆ ಎರಡು ನಿಮಿಷ. ನಂಬರಿಗೆ ಒಂದು ಕೈಮುಗಿದು ಟ್ರಾನ್ಸ್‌ಫರ್ ಮೇಲೆ ಹೊರಟುಹೋದರು.

ಕಚೇರಿಯವರು ಕೊಟ್ಟ ನಂಬರನ್ನು ಗೇಟಿನ ಬಳಿ ಕೂರುವ ಪೇಂಟರ್ ಕಾರಿಗೆ ಬರೆದ. ಸುದ್ದಿ ತಿಳಿದು ಯೋಗೇಂದ್ರ ಗ್ಯಾರೇಜಿನಿಂದ ಒಂದು ಬ್ಯಾಟರಿ, ವೈರು ತಂದಿದ್ದ. "ಕಲ್ಲು ಬೇಕಂತ ಹಾರಿಸ್ಲಿಲ್ಲ ಅಣ್ಣ," ಎಂದು ವೈರು ಸಿಕ್ಕಿಸಿದ. ಕಾರು ಗುಡುಗಿತು. ಆ ಸದ್ದಿಗೆ ಕಚೇರಿಯೊಳಗೆ ವರ್ಷದಿಂದ ಅಲುಗಾಡದಿದ್ದ ಫೈಲುಗಳು ತಾವಾಗಿಯೇ ಮುಂದಿನ ಟೇಬಲ್ಲಿಗೆ ಜಾರಿದವು ಎಂದು ಅಲ್ಲಿದ್ದವರು ಹೇಳುತ್ತಾರೆ. ನಾನೂ ಅಲ್ಲಿದ್ದೆ.

ಜಯಣ್ಣ ಸ್ಟೀರಿಂಗನ್ನು ಲಷ್ಕರ್ ಮೊಹಲ್ಲಾದ ಕಡೆ ತಿರುಗಿಸಿದ. ಹತ್ತು ನಿಮಿಷ. ಅಂಗಡಿ ಮುಂದೆ ಇಳಿದರೆ ಶಪಥ ತೀರಿತು.

"ಎಲ್ಲಿಗೆ?" ಹಿಂದಿನಿಂದ ಅವ್ವ.

"ಅಂಗಡಿಗೆ."

"ಮೊದ್ಲು ಮನೆಗೆ. ಬೀದಿಯವರೆಲ್ಲ ಕಾಯ್ತಾವ್ರೆ. ದೃಷ್ಟಿ ತೆಗ್ಸಿ, ನಿಂಬೆಹಣ್ಣು ಹತ್ಸಿ, ಆಮೇಲೆ ಅಂಗಡಿ."

"ಅವ್ವ, ಹನ್ನೊಂದು ತಿಂಗಳಾಯ್ತು."

"ಹನ್ನೊಂದು ತಿಂಗಳು ಕಾದೋನಿಗೆ ಇನ್ನರ್ಧ ಗಂಟೆ ಹೆಚ್ಚಾ? ನನ್ನ ಕೈ ನೋಡು, ಹುಣಸೆಹಣ್ಣಲ್ಲಿ ಉಜ್ಜಿ ಉಜ್ಜಿ ಬೆಂದೋಗದೆ."

ಜಯಣ್ಣನ ಕೋಪಕ್ಕೆ ಹೆದರದ ಜೀವ ಭೂಮಿಯ ಮೇಲೆ ಅದೊಂದೇ. ಸ್ಟೀರಿಂಗ್ ಮನೆಯ ಕಡೆ ತಿರುಗಿತು.

ಬೀದಿಯ ತುದಿಗೆ ಬಂದಾಗ ಹೊಸ ಡಾಂಬರಿನ ವಾಸನೆ. ರಸ್ತೆ ದೋಸೆಕಲ್ಲಿನ ಹಾಗೆ ಕರ್ರಗೆ ಮಿರುಗುತ್ತಿತ್ತು. ಅತ್ತ ಮನೆಯ ಮುಂದೆ ಬೋರಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಜಯಣ್ಣ ನಕ್ಕ. ಆ ನಗುವಿನ ಭರಕ್ಕೆ ಕಾಲು ಆಕ್ಸಿಲರೇಟರ್ ಒತ್ತಿತು. ಕಾರು ಹುಲಿಯ ಹಾಗೆ ನೆಗೆಯಿತು.

ದಡ್. ಕರ್ರ್.

ಮುಂದಿನ ಚಕ್ರಗಳು ಗಾಳಿಯಲ್ಲಿ ತಿರುಗುತ್ತಿದ್ದವು. ಹಿಂದಿನವೂ ಗಾಳಿಯಲ್ಲಿದ್ದವು. ನಡುವೆ, ಹೊಟ್ಟೆಯ ಕೆಳಗೆ, ಚಾಮುಂಡಿ ಬೆಟ್ಟದ ಮರಿಯೊಂದು ಕೂತಿತ್ತು.

"ಹೆಂಗಿದೆ ರೋಡ್ ಹಂಪು?" ಹುಚ್ಚಣ್ಣ ಕೈ ಉಜ್ಜುತ್ತ ಬಂದರು. "ಡಾಂಬರು ಮೇಸ್ತ್ರಿ ನಾಲ್ಕಿಂಚು ಸಾಕು ಅಂತಿದ್ದ ಕಣ್ರೀ. ನೀವು ಬರೆದಿದ್ದ ತೋರಿಸ್ದೆ. ಯಾರ ಮುಲಾಜೂ ನೋಡಬೇಡಿ, ಭದ್ರವಾಗಿ ಮಾಡಿ. ಹೆದರಿ ಒಂದಡಿ ಎತ್ತರಿಸ್ದ. ಆ ತುದೀಲೂ ಒಂದು ಹಾಕಿಸಿದೀನಿ. ಇನ್ನು ಆ ಯೋಗೇಂದ್ರ ಹೆಂಗೆ ಹಾರಿಸ್ತಾನೋ ನೋಡ್ತೀನಿ."

ಯೋಗೇಂದ್ರ ಹಿಂದೆಯೇ ಬಂದ. ಹಂಪಿಗೂ ಚರಂಡಿಗೂ ನಡುವೆ ಉಳಿದಿದ್ದ ಗೇಣಗಲದ ಜಾಗದಲ್ಲಿ ಬೈಕನ್ನು ಹಾವಿನ ಹಾಗೆ ನುಸುಳಿಸಿಕೊಂಡು ಈಚೆಗೆ ಬಂದು ನಿಲ್ಲಿಸಿದ. ಬಗ್ಗಿ ಕಾರಿನ ಕೆಳಗೆ ನೋಡಿದ. ಕಪ್ಪನೆಯ ಎಣ್ಣೆ ಹರಿದು ಬರುತ್ತಿತ್ತು.

"ಎಂಜಿನ್ ಆಯಿಲ್ ನಿಲ್ಲೋ ಚೇಂಬರ್ ಒಡ್ದೋಗದೆ ಅಣ್ಣ. ಸ್ಟಾರ್ಟ್ ಮಾಡ್ಬೇಡಿ."

"ಎಲ್ಲಿ ಸಿಗುತ್ತೆ ಅದು?" ಜಯಣ್ಣನ ಧ್ವನಿ ಬಾವಿಯೊಳಗಿಂದ ಬಂದಂತಿತ್ತು.

"ಜಪಾನಲ್ಲಿ."

"ಎಷ್ಟು ದಿನ?"

ಯೋಗೇಂದ್ರ ಬೆರಳು ಮಡಿಸಿದ. "ಆರ್ಡರ್ ಹೋಗ್ಬೇಕು, ಹಡಗಲ್ಲಿ ಬರ್ಬೇಕು, ಮದ್ರಾಸಲ್ಲಿ ಬಿಡಿಸ್ಕೋಬೇಕು..." ಒಂದು ಕೈ ಮುಗಿಯಿತು, ಇನ್ನೊಂದೂ ಮುಗಿಯಿತು. ಕಡೆಗೆ ತಟ್ಟೆ ಸಮೇತ ಓಡಿ ಬಂದಿದ್ದ ಬೋರಮ್ಮನ ಒಂದು ಬೆರಳು ಸಾಲ ತೆಗೆದುಕೊಂಡ.

ಯಾರೂ ಕರೆಯದಿದ್ದರೂ ನಿಂಗಯ್ಯ ಎತ್ತು ಹೊಡೆದುಕೊಂಡು ಬಂದ. ಇಲವಾಲಕ್ಕೆ ಹೊರಟವನು ಏನೋ ಅನ್ನಿಸಿ ನಿಂತಿದ್ದನಂತೆ. ಕಾರನ್ನು ಹಂಪಿನಿಂದಿಳಿಸಿ ಮನೆಯ ಮುಂದೆ, ಹಳೆಯ ಜಾಗಕ್ಕೇ ಎಳೆದು ನಿಲ್ಲಿಸಿದ. ಅವ್ವ ಇಳಿದು ಆರತಿ ಎತ್ತಿಸಿಕೊಂಡಳು. ಬೋರಮ್ಮ ತಟ್ಟೆ ಕೆಳಗಿಟ್ಟು ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ, "ಇವತ್ತು ಚೆನ್ನಾಗಿ ಕಾದದೆ ಕಣಮ್ಮ," ಎಂದು ಸಂಡಿಗೆ ತರಲು ಒಳಗೆ ಹೋದಳು.

ಜಯಣ್ಣ ಕಾರಿನಿಂದ ಇಳಿದ. ಕಿವಿ ಕೆಂಪಾಯಿತು, ಮೂಗು ಕೆಂಪಾಯಿತು, ಹದಿನಾಲ್ಕು ನಾಯಿಗಳು ಎದ್ದು ಹೊರಟವು. ಕೆಲಸದ ಹುಡುಗನಿಗೆ ಬಿಟ್ಟಿದ್ದ ಅಂಗಡಿಗೆ ಸಂಜೆ ತಾನೇ ಹೋಗಿ ಬೀಗ ಹಾಕಬೇಕಿತ್ತು. ಮೆಟ್ಟಿಲ ಮೇಲೆ ಕೂತು ಎಂಟನೇ ಜೊತೆ ಚಪ್ಪಲಿ ಹಾಕಿಕೊಂಡು ಬೀದಿಯ ತುದಿಗೆ ನಡೆದ. ಹಂಪಿನ ಮುಂದೆ ನಿಂತ. ಹನ್ನೊಂದು ತಿಂಗಳ ಕೋಪವನ್ನೆಲ್ಲ ಬಲಗಾಲಿಗೆ ಇಳಿಸಿಕೊಂಡು ಅದನ್ನು ಒದ್ದ.

ಡಾಂಬರು ಇನ್ನೂ ಆರಿರಲಿಲ್ಲ. ಕಾಲು ಬಂತು, ಚಪ್ಪಲಿ ಬರಲಿಲ್ಲ.

ಇನ್ನೊಂದನ್ನೂ ಅಲ್ಲೇ ಬಿಟ್ಟು ಜಯಣ್ಣ ಬರಿಗಾಲಲ್ಲಿ ಲಷ್ಕರ್ ಮೊಹಲ್ಲಾದ ಕಡೆ ಹೊರಟ. ಅಲ್ಲಿ ಚಪ್ಪಲಿ ಅಂಗಡಿಯವನು ಆ ಹೊತ್ತಿಗೆ, ಎರಡನೇ ಮಹಡಿಗೆಂದು ಬಂದ ಇಟ್ಟಿಗೆ ಇಳಿಸಿಕೊಳ್ಳುತ್ತಿದ್ದನಂತೆ.